ಪ್ರಾಜೆಕ್ಟಮ್ಮನ ಊಟದ ಮೇಜು

ನಮ್ಮ ಪಕ್ಕದ ಮನೆಯವಳನ್ನು ಬೀದಿಯವರೆಲ್ಲ ಪ್ರಾಜೆಕ್ಟಮ್ಮ ಎಂದೇ ಕರೆಯುತ್ತೇವೆ. ಮಗಳ ಶಾಲೆಯಲ್ಲಿ ‘ಜಗತ್ತಿನ ದೇಶಗಳು, ಜನಜೀವನ’ ಪಾಠಕ್ಕೆ ಪ್ರಾಜೆಕ್ಟ್ ಮಾಡಿ ತರಲು ಹೇಳಿದರೆಂದರೆ ಅವಳ ಊಟದ ಮೇಜು ಮನೆಯವರ ಕೈತಪ್ಪಿ ಹೋಗುತ್ತದೆ. ದಿಂಬಿನ ಹತ್ತಿ ಹಿಮದ ಮನೆಗೆ, ಪಾತ್ರೆ ಉಜ್ಜುವ ನಾರು ದಟ್ಟ ಕಾಡಿಗೆ, ಗಂಡನ ಹೊಸ ಕಾಲುಚೀಲ ಒಂಟೆಯ ಡುಬ್ಬಕ್ಕೆ ಹೋಗುತ್ತವೆ. ‘ನಾನು ಎಲ್ಲಿ ಊಟ ಮಾಡ್ಲಿ?’ ಎಂದು ಗಂಡ ಕೇಳಿದರೆ, ‘ನೆಲದ ಮೇಲೆ ಕೂತ್ಕೊಳ್ಳಿ, ಜ್ವಾಲಾಮುಖಿ ಇನ್ನೂ ಒಣಗಿಲ್ಲ’ ಎನ್ನುತ್ತಾಳೆ. ಮಗಳು ಪಕ್ಕದಲ್ಲಿ ಕೂತು ಆಕಳಿಸುತ್ತಾಳೆ. ಅವಳ ಪಾಲಿನ ಕೆಲಸ ಅಷ್ಟೇ. ದೊಡ್ಡವರು ಮಾಡಿದ್ದೆಂದು ಟೀಚರಿಗೆ ಗೊತ್ತಾಗಬಾರದಲ್ಲ, ಅದಕ್ಕೆ ಪ್ರಾಜೆಕ್ಟಮ್ಮ ದೇಶಗಳ ಹೆಸರನ್ನೆಲ್ಲ ಎಡಗೈಯಲ್ಲಿ ಬರೆಯುತ್ತಾಳೆ, ಒಂದು ನದಿಯನ್ನು ಬೇಕೆಂದೇ ಬೆಟ್ಟ ಹತ್ತಿಸುತ್ತಾಳೆ. ‘ಹಾಲು ಉಕ್ತಿದೆ ಕಣೇ’ ಎಂದು ನಾನು ಕಿಟಕಿಯಿಂದ ಕೂಗಿದರೆ, ‘ಇರಿ ಅಕ್ಕ, ಸಮುದ್ರ ಸೋರ್ತಿದೆ, ಮೊದಲು ಅದನ್ನ ನೋಡ್ತೀನಿ’ ಎನ್ನುತ್ತಾಳೆ. ‘ಇಷ್ಟೆಲ್ಲ ಮಾಡಿ ಹೆಸರು ಯಾರಿಗೆ ಬರುತ್ತೆ?’ ಎಂದು ಕೆಣಕಿದರೆ, ‘ಮಗಳಿಗೆ ಬಂದ್ರೆ ನನಗೆ ಬಂದ ಹಾಗೇ ಅಲ್ವಾ’ ಎಂದು ನಗುತ್ತಾಳೆ. ಈ ಸಲದ ಶಾಲಾ ಪ್ರದರ್ಶನದಲ್ಲಿ ಅವಳ ಜಗತ್ತಿಗೇ ಮೊದಲ ಬಹುಮಾನ ಬಂತು. ಟೀಚರು ವೇದಿಕೆಯ ಮೇಲಿಂದ, ‘ಇದನ್ನು ಮಾಡಿದವರು ಬನ್ನಿ’ ಎಂದರು. ನನ್ನ ಪಕ್ಕದಲ್ಲಿದ್ದ ಪ್ರಾಜೆಕ್ಟಮ್ಮ ಥಟ್ಟನೆ ಎದ್ದು ನಿಂತಳು. ಮಗಳು ವೇದಿಕೆಯ ಮೆಟ್ಟಿಲು ಹತ್ತುತ್ತಿರುವುದು ಕಂಡದ್ದೇ, ಕುರ್ಚಿಯ ಕೆಳಗೆ ಏನೋ ಬಿದ್ದುಹೋದಂತೆ ಬಗ್ಗಿ, ಚಪ್ಪಾಳೆ ನಿಲ್ಲುವವರೆಗೂ ಹುಡುಕುತ್ತಲೇ ಇದ್ದಳು.