ಟೀಚರ್ ಕೇಳಿಸಿದ ಎರಡು ರೆಕಾರ್ಡಿಂಗ್

ಅಮೆರಿಕದ ಲಾರೆನ್ಸ್‌ವಿಲ್‌ನ ಲೈಬ್ರರಿಯಲ್ಲಿ ದೊಡ್ಡವರಿಗಾಗಿ ನಡೆಯುವ ಇಂಗ್ಲಿಷ್ ಕ್ಲಾಸು ಶುರುವಾಗುವ ಮೊದಲೇ ಟೀಚರ್ ಫೋನಿನಲ್ಲಿ ಒಂದು ರೆಕಾರ್ಡಿಂಗ್ ಹಾಕಿದರು. ಯಾರೋ ಹೆಂಗಸು ತನ್ನ ಹೆಸರು, ಊರು ಹೇಳುವುದಕ್ಕೇ ತಡವರಿಸಿ, 'ಸಾರಿ, ಸಾರಿ' ಎಂದು ಸುಮ್ಮನಾದಳು. ನನಗೆ ನಗು ತಡೆಯಲಾಗಲಿಲ್ಲ.

"ಪಾಪ, ಯಾರಮ್ಮಾ ಇದು? ನನಗಿಂತ ದಡ್ಡಿ!" ಎಂದೆ, ಪಕ್ಕದಲ್ಲಿದ್ದ ಮೈಸೂರಿನ ಶಾಹಿದಾಗೆ.

"ಅಯ್ಯೋ ಆಂಟಿ, ನಿಮ್ದೇ ವಾಯ್ಸು! ಫಸ್ಟ್ ಡೇ ರೆಕಾರ್ಡ್ ಮಾಡಿದ್ರಲ್ಲ!"

ಹಿಂದಿನ ವಾರದ ಪರೀಕ್ಷೆಯಲ್ಲಿ ಎಲ್ಲರಿಗಿಂತ ಕಡಿಮೆ ಅಂಕ ನನ್ನದೇ. ಈ ವಯಸ್ಸಿನಲ್ಲಿ ಇದೆಲ್ಲ ಬೇಕಿತ್ತೇ ಅನ್ನಿಸಿ, ಕ್ಲಾಸು ಬಿಡುತ್ತೇನೆಂದು ಆಗಷ್ಟೇ ಟೀಚರಿಗೆ ಹೇಳಿದ್ದೆ. ಅವರು ಉಪದೇಶ ಮಾಡಲಿಲ್ಲ. ಅದೇ ಪರೀಕ್ಷೆಯ ದಿನ ನಾನು ಮಾತಾಡಿದ್ದನ್ನೂ ಹಾಕಿದರು. ಅದರಲ್ಲಿ ನಾನು ಸೊಸೆ ಮಾಡುವ ಉಪ್ಪಿಲ್ಲದ ಸಾರಿನ ಮೇಲೆ ಮೂರು ನಿಮಿಷ ನಿಲ್ಲಿಸದೆ ಚಾಡಿ ಹೇಳುತ್ತಿದ್ದೆ, ಇಂಗ್ಲಿಷಿನಲ್ಲಿ! ತಪ್ಪುಗಳಿದ್ದವು, ಆದರೆ ಒಂದು 'ಸಾರಿ'ಯೂ ಇರಲಿಲ್ಲ. ನಕ್ಕೂ ನಕ್ಕೂ ನನ್ನ ಕಣ್ಣು ಒದ್ದೆಯಾಯಿತು. ಹೋಗಿ ನನ್ನ ಜಾಗದಲ್ಲಿ ಕೂತೆ.

ನನ್ನನ್ನು ಬೇರೆ ಯಾರ ಜೊತೆಗೂ ಅಳೆಯದ ಆ ಟೀಚರಿಗೆ ನಾನು ಋಣಿ. ಈಗ ಡಾಕ್ಟರ ಕ್ಲಿನಿಕ್ಕಿಗೆ ನಾನೇ ಫೋನ್ ಮಾಡುತ್ತೇನೆ. ಮೊನ್ನೆ ಅಲ್ಲಿನ ಹುಡುಗಿ, ಸ್ವಲ್ಪ ನಿಧಾನವಾಗಿ ಮಾತಾಡಿ ಮೇಡಂ, ಅಂದಳು.