ಎದುರುಮನೆಯಲ್ಲಿ ಕೂತ ಟ್ರಂಕು

ಒಳ್ಳೆಯ ಮುಹೂರ್ತಕ್ಕೆ ಸರಿಯಾಗಿ ಪ್ರಯಾಣ ಹೊರಡಲಾಗದಿದ್ದರೆ ಪ್ರಸ್ಥಾನ ಇಡುವುದು ನಮ್ಮಲ್ಲಿ ಪದ್ಧತಿ. ಆ ಗಳಿಗೆಯಲ್ಲಿ ಒಂದು ಬಟ್ಟೆ, ತೆಂಗಿನಕಾಯಿ, ಅರಿಸಿನದ ಕೊಂಬು ಒಯ್ದು ಬೇರೆಯವರ ಮನೆಯಲ್ಲಿಟ್ಟರೆ ಪ್ರಯಾಣ ಶುರುವಾದ ಹಾಗೆ. ಇಟ್ಟದ್ದು ಮಾತ್ರ ಪರಊರು ನೋಡದೆ ಮರಳಿ ಹೊಸಿಲು ದಾಟಬಾರದು. ನನ್ನ ನಾದಿನಿಯ ಬಾಳು ಈ ಒಂದು ಶಾಸ್ತ್ರದಿಂದ ಉಳಿಯಿತೆಂದರೆ ನೀವು ನಗಬಹುದು. ನಾವೂ ನಕ್ಕಿದ್ದೇವೆ, ಆದರೆ ಆಮೇಲೆ.

ಎರಡನೆಯ ಮಹಾಯುದ್ಧ ಮುಗಿದ ಹೊಸತು. ಹಲಸೂರಿನಲ್ಲಿ ನಮ್ಮ ಮನೆ. ಬಿ.ಎಸ್ಸಿ. ಮುಗಿಸಿದ್ದ ನಾದಿನಿಗೆ ಗಿಡಗಳ ಹುಚ್ಚು. ಕೆರೆಯ ದಂಡೆಯಿಂದ ಹುಲ್ಲು, ಜೊಂಡು ಕಿತ್ತು ತಂದು ನನ್ನ ಪಾರಾಯಣದ ಪುಸ್ತಕದೊಳಗೇ ಒಣಗಿಸುತ್ತಿದ್ದಳು. ದೇವರ ಮುಂದೆ ಕೂತು ಹಾಳೆ ತಿರುವಿದರೆ ಕೆಸರಿನ ವಾಸನೆ. ಇಂಗ್ಲೆಂಡಿಗೆ ಹೋಗಿ ಸಸ್ಯಶಾಸ್ತ್ರ ಓದಬೇಕೆಂದು ಅರ್ಜಿ ಹಾಕಿದ್ದಳು. ಸಿಕ್ಕೇ ಸಿಗುತ್ತದೆಂದು ನಮ್ಮತ್ತೆ ಬೀದಿಗೆಲ್ಲ ಸಾರಿದ್ದರು. ಅಷ್ಟರಲ್ಲಿ ಆಷಾಢ ಹತ್ತಿರ ಬಂತು.

"ಆಷಾಢದಲ್ಲಿ ಹೊರಡೋದು ಬೇಡಮ್ಮ, ಈಗ್ಲೇ ಪ್ರಸ್ಥಾನ ಇಟ್ಬಿಡೋಣ" ಎಂದು, ಉತ್ತರ ಬರುವ ಮೊದಲೇ, ಅತ್ತೆ ಉಣ್ಣೆಯ ಸ್ವೆಟರು ಸಮೇತ ಟ್ರಂಕನ್ನೇ ಎದುರುಮನೆಗೆ ಸಾಗಿಸಿದರು. ಪ್ರಸ್ಥಾನ ಇಟ್ಟು ಬಹಳ ದಿನ ಬಿಡುವ ಹಾಗಿಲ್ಲವಲ್ಲ ಎಂದು ಪುರೋಹಿತರು ಅನುಮಾನಿಸಿದರೆ, "ಸೀಮೆ ದೂರ ಅಲ್ವೇ, ಗಡುವೂ ಉದ್ದ" ಎಂದು ಅವರ ಬಾಯಿ ಮುಚ್ಚಿಸಿದರು.

ಉತ್ತರ ಬಂತು. ಯುದ್ಧದಿಂದ ಮರಳಿದವರಿಗೇ ಅಲ್ಲಿ ಜಾಗ ಸಾಲದು, ಆದ್ದರಿಂದ ಸೇರಿಸಿಕೊಳ್ಳಲಾಗದು.

ನಾದಿನಿ ಗೋಡೆಗೆ ಮುಖ ಮಾಡಿ ಮಲಗಿದಳು. ಕೆರೆಯ ಮಾತಿರಲಿ, ಅಂಗಳದ ತುಳಸಿಗೂ ನೀರೆರೆಯಲಿಲ್ಲ. ಅತ್ತೆಗೂ ದುಃಖವೇ. ಅವರ ದುಃಖ ಮಾತ್ರ ಬೇಗ ಮದುವೆಯ ಕಡೆ ತಿರುಗಿತು. ಕೆ.ಆರ್. ಪುರದ ಕಡೆಯ ಗಂಡೊಂದು ಗೊತ್ತಾಗಿ, ಹೆಣ್ಣು ನೋಡುವ ದಿನವೂ ನಿಂತಿತು. ಅದೇ ಓದು ಮದ್ರಾಸಿನ ಕಾಲೇಜೊಂದರಲ್ಲಿದೆ, ಇನ್ನೂ ಸೇರಿಸಿಕೊಳ್ಳುತ್ತಿದ್ದಾರೆ ಎಂದು ನನ್ನ ಯಜಮಾನರು ಹೇಳಿ ನೋಡಿದರು.

"ನಂಗೆ ಯಾವ ಊರೂ ಬೇಡ" ಎಂದಳು ತಂಗಿ, ಗೋಡೆಗೇ.

"ಕೇಳಿದ್ಯಾ? ಓದಿದ್ದು ಸಾಕು" ಎಂದರು ತಾಯಿ.

ನಾನು ದೀಪ ಹಚ್ಚಿ, ಇವಳು ಎದ್ದು ಕೂತರೆ ಸಾಕಪ್ಪ ಎಂದಷ್ಟೇ ಬೇಡಿಕೊಂಡೆ. ದೇವರಲ್ಲಿ ದೊಡ್ಡದು ಕೇಳಿ ನನಗೆ ಅಭ್ಯಾಸವಿಲ್ಲ.

ಗಂಡಿನವರು ಬರುವ ಹಿಂದಿನ ದಿನ, ಒಳ್ಳೆಯ ಸೀರೆಗಳೆಲ್ಲ ಟ್ರಂಕಿನಲ್ಲೇ ಉಳಿದಿವೆ ಎಂದು ಅತ್ತೆಗೆ ನೆನಪಾಯಿತು. ಗಡಿಬಿಡಿಯಲ್ಲಿ ಶಾಸ್ತ್ರ ಮರೆತು, ಅದನ್ನು ತರಲು ನನ್ನನ್ನೂ ನಾದಿನಿಯನ್ನೂ ಅಟ್ಟಿದರು. ಎದುರುಮನೆಯಲ್ಲಿದ್ದವರು ನಾವೆಲ್ಲ ಪಾಟಿ ಎಂದು ಕರೆಯುತ್ತಿದ್ದ ತಮಿಳಿನ ಮುದುಕಿ. ದಿನವೂ ಟ್ರಂಕಿನ ಮೇಲೊಂದು ಹೂವಿಟ್ಟು ಕಾದಿದ್ದರು. ನಾವು ಬಂದ ಕಾರಣ ಕೇಳಿದ್ದೇ, ಹೂವನ್ನು ಪಕ್ಕಕ್ಕೆ ಸರಿಸಿ ತಾವೇ ಅದರ ಮೇಲೆ ಕೂತುಬಿಟ್ಟರು.

"ಕೊಡಲ್ಲ ಕಣ್ಣಮ್ಮ. ಊರಿಗೆ ಹೊರಡು, ಕೊಡ್ತೀನಿ."

"ಯಾವ ಊರು ಪಾಟಿ? ಅವ್ರು ಬೇಡ ಅಂದ್ಬಿಟ್ರು."

"ಬೇಡ ಅಂದಿದ್ದು ಲಂಡನ್ನು. ದಂಡಿನ ಸ್ಟೇಷನ್‌ನವ್ನು ಟಿಕೆಟ್ ಕೊಡಲ್ಲ ಅಂದ್ನಾ? ನಿಂಗೆ ಸಮುದ್ರ ತಾನೇ ಬೇಕು? ನಮ್ಮ ಮದ್ರಾಸಲ್ಲೂ ಇದೆ. ಅದೂ ಉಪ್ಪಾಗೇ ಇದೆ!"

ನಾದಿನಿ ಪಾಟಿಯನ್ನೇ ನೋಡುತ್ತ ನಿಂತಳು. ಆಮೇಲೆ ಅವಳಿಗೆ ನಗು ಬಂತು, ತಡೆಯಲಾಗದಂಥ ನಗು, ಕಣ್ಣಲ್ಲಿ ನೀರು ಬರುವವರೆಗೂ. ಸೆರಗಿನಿಂದ ಮುಖ ಒರೆಸಿಕೊಂಡು, "ಅಲ್ಲೇ ಕೂತಿರಿ ಪಾಟಿ, ಏಳ್ಬೇಡಿ. ಟ್ರಂಕು ಮದ್ರಾಸಿಗೇ ಹೋಗತ್ತೆ" ಎಂದಳು.

ಬರಿಗೈಯಲ್ಲಿ ಬಂದವರನ್ನು ಕಂಡು ಅತ್ತೆ ಕೂಗಾಡಿದರು. ನನಗೆ ಸುತ್ತಿ ಬಳಸಿ ಮಾತಾಡಲು ಬಾರದು. "ಪ್ರಸ್ಥಾನ ಇಟ್ಟೋರು ನೀವೇ ಅತ್ತೆ. ಮುರಿದು ಒಳಗೆ ತಂದ್ರೆ ಆ ಮದುವೆಗಾದ್ರೂ ಒಳ್ಳೇದಾಗತ್ತಾ?" ಎಂದೆ. ಅವರು ಪಂಚಾಂಗ ತೆಗೆದು ಬಹಳ ಹೊತ್ತು ಹುಡುಕಿದರು. ಮದ್ರಾಸಿಗೇ ಹೋಗ್ತೀನಿ ಎಂದು ನಾದಿನಿ ಎದುರಿಗೇ ಕದಲದೆ ನಿಂತಿದ್ದಳು. ಕೊನೆಗೆ ಪಂಚಾಂಗ ಮಡಿಸಿ, "ಆ ಸೆಕೆಗೆ ಸ್ವೆಟರ್ ಯಾಕೆ? ತೆಗೆದಿಡಿ ಅದನ್ನ" ಎಂದರು. ಗಂಡಿನ ಮನೆಗೆ ಅಂದೇ ಬೇಡವೆಂದು ಹೇಳಿ ಕಳಿಸಿದೆವು.

ನಾನು ಕೇಳಿದ್ದು ಇವಳು ಎದ್ದು ಕೂತರೆ ಸಾಕು ಎಂದು. ದೇವರು ರೈಲನ್ನೇ ಹತ್ತಿಸಿದ.

ಮೊದಲನೆಯ ದರ್ಜೆಯಲ್ಲಿ ಪಾಸಾಗಿ ಅವಳು ಬಂದ ದಿನ ಟ್ರಂಕು ನೇರ ನಮ್ಮ ಮನೆಗೆ ಬರಲಿಲ್ಲ. ಹೊರಟಲ್ಲಿಗೇ ಮೊದಲು ಮುಟ್ಟಬೇಕೆಂದು ಅತ್ತೆ ಹಟ ಹಿಡಿದು ಜಟಕಾವನ್ನು ಪಾಟಿಯ ಬಾಗಿಲಿಗೆ ತಿರುಗಿಸಿದರು. ಅಲ್ಲಿಂದ ಬೀದಿ ದಾಟಿಸಿ, ನಮ್ಮ ಹೊಸಿಲಲ್ಲಿ ಮಗಳಿಗೂ ಟ್ರಂಕಿಗೂ ಸೇರಿಸಿ ಆರತಿ ಎತ್ತಿದರು. ಮುಚ್ಚಳ ತೆಗೆದರೆ ಸೀರೆ ನಾಲ್ಕು, ಉಳಿದದ್ದೆಲ್ಲ ಕಾಗದಕ್ಕೆ ಅಂಟಿಸಿದ ಸಮುದ್ರತೀರದ ಗಿಡಗಳು.

"ಇದೇನೇ ಸೊಪ್ಪು?"

"ಹುಳಿಗೆ ಬರಲ್ಲಮ್ಮ, ಕಾಲೇಜಲ್ಲಿ ಪಾಠ ಮಾಡೋಕೆ ಬರತ್ತೆ. ಕೆಲಸ ಸಿಕ್ಕಿದೆ."

ಅತ್ತೆ ಆರತಿಯ ತಟ್ಟೆ ಹಿಡಿದೇ ಬೀದಿಗಿಳಿದರು. "ಕೇಳಿದ್ರಾ? ನನ್ಮಗಳು ಮೇಡಮ್ಮು! ಪ್ರಸ್ಥಾನ ಇಟ್ಟೋಳು ನಾನು!"

"ಟ್ರಂಕ್ ಮೇಲೆ ಕೂತಿದ್ದು ನಾನು" ಎಂದರು ಪಾಟಿ, ತಮ್ಮ ಜಗಲಿಯಿಂದ.