ಮಡಿಯಲ್ಲಿ ಮುಟ್ಟಿದ ವ್ಯಾಸಲೀನ್

ಮಡಿಯಲ್ಲಿದ್ದ ಅತ್ತೆ ಗೂಡಿನಿಂದ ನನ್ನ ವ್ಯಾಸಲೀನ್ ಶೀಶೆ ತೆಗೆದಾಗ, ಎಸೆದೇಬಿಡುತ್ತಾರೆಂದು ಹೆದರಿದೆ. ಅದು ಪ್ರಾಣಿಯ ಕೊಬ್ಬೆಂದೇ ಅವರ ನಂಬಿಕೆ. ಭೂಮಿಯೊಳಗಿನ ಎಣ್ಣೆಯಿಂದ ಮಾಡುತ್ತಾರೆಂದು ಎಷ್ಟು ಹೇಳಿದರೂ ಒಪ್ಪಿರಲಿಲ್ಲ.

ಅರವತ್ತರ ದಶಕ, ಮದುವೆಯಾಗಿ ಜಯನಗರಕ್ಕೆ ಬಂದ ನನಗೆ ಅದು ಮೊದಲ ಚಳಿಗಾಲ. ಬಟ್ಟೆ ಒಗೆದು ಒಗೆದು ಬೆರಳುಗಳು ಬಿರಿದು, ಆ ಬೆಳಿಗ್ಗೆ ಮಾವನವರ ಬಿಳಿ ಪಂಚೆಗೆ ರಕ್ತ ಅಂಟಿತ್ತು. ಅತ್ತೆ ಬೈತಾರೆ ಅಂದುಕೊಂಡಿದ್ದೆ.

“ಕೈ ಕೊಡೇ ಇಲ್ಲಿ,” ಎಂದರು.

“ಅತ್ತೆ, ನೀವು ಮಡೀಲಿದೀರಿ!”

“ಮಡಿ ಹೋದ್ರೆ ಇನ್ನೊಂದ್ಸಲ ಸ್ನಾನ ಮಾಡ್ತೀನಿ. ಸುಮ್ನೆ ಕೂತ್ಕೋ.”

ಮುಖ ಕಿವುಚಿಕೊಂಡೇ ಒಂದೊಂದು ಬೆರಳಿಗೂ ಮೆತ್ತಗೆ ಹಚ್ಚಿದರು.

ಅದು ಕೊಬ್ಬಲ್ಲವೆಂದು ಅವರು ಕೊನೆಯವರೆಗೂ ಒಪ್ಪಲಿಲ್ಲ. ಆದರೆ ಆ ಚಳಿಗಾಲ ಮುಗಿಯುವವರೆಗೆ ದಿನವೂ ನನ್ನ ಕೈಗೆ ಹಚ್ಚಿ, ಎರಡನೇ ಸಲ ತಣ್ಣೀರು ಸುರಿದುಕೊಂಡರು.